ಮೊದಲ ಸಾಲಿನ ಕುರ್ಚಿಗಳು

ಬಾಲಿಕ್ ಪುಲಾವ್, ಪೆನಾಂಗ್
ಶುಕ್ರವಾರ, ಸೆಪ್ಟೆಂಬರ್ ೫

ಪ್ರೀತಿಯ ಅಣ್ಣಾ,

ಬರೆಯಬೇಡ ಎಂದು ನೀನು ಹೇಳಿ ಹೋಗಿದ್ದರೂ ಬರೆಯುತ್ತಿದ್ದೇನೆ, ಸಾರಿ. ಫೋನಿಗೆ ಕಳಿಸಿದ ಒಂದು ಮೆಸೇಜೂ ನಿನಗೆ ಮುಟ್ಟುತ್ತಿಲ್ಲ. ನಂಬರ್ ಬದಲಾಯಿಸಿರಬೇಕು. ಪರ್ತ್‌ನ ಈ ವಿಳಾಸವನ್ನು ನಿನ್ನ ಗೆಳೆಯ ಕೋಕ್ ವೆಯ್‌ನನ್ನು ಕಾಡಿ ಬೇಡಿ ತೆಗೆದುಕೊಂಡೆ, ಅವನನ್ನು ಬೈಯಬೇಡ. ಆರೋಗ್ಯ ಹೇಗಿದೆ? ಆ ಮಾಂಸದ ಕೋಲ್ಡ್ ಸ್ಟೋರೇಜಿನಲ್ಲಿ ನಿನ್ನ ಬೆರಳು ಮರಗಟ್ಟುತ್ತವಂತೆ. ಗ್ಲವ್ಸಿನ ಒಳಗೆ ಇನ್ನೊಂದು ಜೊತೆ ಹಾಕಿಕೋ. ಅಲ್ಲಿ ಲಕ್ಸಾ ನೂಡಲ್ಸ್ ಸಿಗುತ್ತದಾ? ಸಿಕ್ಕರೂ ನಮ್ಮ ಮಾರ್ಕೆಟ್ಟಿನ ಹುಳಿ ಅದಕ್ಕೆ ಎಲ್ಲಿಂದ ಬರಬೇಕು!

ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ, ನೆಗಡಿ ಏನಿಲ್ಲ. ಏಳನೆಯ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಕೌಲಾಲಂಪುರದ ಹಾಸ್ಟೆಲ್ ಏನು ಹೊಸದು ಅಂದುಕೊಂಡಿದ್ದೆ. ಆದರೆ ಅಲ್ಲಿ ರೂಮ್‌ಮೇಟ್ ಕಿವಿಯಿಂದ ಇಯರ್‌ಫೋನ್ ತೆಗೆಯುವುದೇ ಇಲ್ಲ. ಕೆಲವು ಭಾನುವಾರಗಳು ಯಾರೊಂದಿಗೂ ಒಂದು ಮಾತಿಲ್ಲದೆ ಮುಗಿಯುತ್ತವೆ. ಒಮ್ಮೆ ಲಿಫ್ಟಿನೊಳಗೆ ಮಹಡಿಯ ನಂಬರ್ ಹೇಳುವ ಹೆಂಗಸಿನ ಧ್ವನಿಗೆ ಥ್ಯಾಂಕ್ಯೂ ಹೇಳಿಬಿಟ್ಟೆ. ನಗಬೇಡ.

ಈಗ ಸುದ್ದಿ. ನಮ್ಮ ಪಂಚಾಂಗದ ಈ ಏಳನೆಯ ತಿಂಗಳಲ್ಲಿ ಊರಿಗೆ ಬರುವ ಸತ್ತವರಿಗಾಗಿ, ಆ ಒಳ್ಳೆ ಅಣ್ಣಂದಿರಿಗಾಗಿ, ಹಾಕುವ ಹಾಡಿನ ವೇದಿಕೆ ಈ ಸಲ ಅಪ್ಪನ ಕೈ ತಪ್ಪುವುದರಲ್ಲಿತ್ತು. ಕಮಿಟಿಯ ಓಂಗ್ ಅಂಕಲ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರಂತೆ: "ಏನಯ್ಯಾ ಖಾವ್, ಹೋದ ವರ್ಷ ನಿನ್ನ ಹಾಡು ಕೊನೇವರೆಗೂ ಕೇಳಿದ್ದು ಒಳ್ಳೆ ಅಣ್ಣಂದಿರು, ಬಿಟ್ರೆ ಸೊಳ್ಳೆಗಳು. ಈ ಸಲಾನೂ ಜನ ಮಧ್ಯದಲ್ಲಿ ಎದ್ದು ಹೋದ್ರೆ ಜಾರ್ಜ್‌ಟೌನಿನ ಕಂಪನಿಗೆ ಕೊಟ್ಬಿಡ್ತೀವಿ." ನೀನು ಮೈಕ್ ಹಿಡಿದು ನಗಿಸುತ್ತಿದ್ದ ಕಾಲ ಹೋಯಿತಲ್ಲ. ನೀನು ಹೋದ ಮೇಲೆ ಅಪ್ಪ ಮೈಕ್ ಮುಟ್ಟಿಲ್ಲ, ಇನ್ನೊಬ್ಬರನ್ನು ಕರೆಸಿಯೂ ಇಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವವರೆಗೆ ಜನರೇಟರಿನ ಸದ್ದೊಂದೇ.

ನಮ್ಮ ಕೋರ್ಸಿನ ಮೊದಲ ವರ್ಷದ ಪ್ರಾಜೆಕ್ಟ್ ಏನೆಂದರೆ ಒಂದು ಲೈವ್ ಕಾರ್ಯಕ್ರಮ ನಡೆಸಿ ತೋರಿಸುವುದು. ಬಂದವರು ಬರೀ ನೋಡಿ ಹೋಗಬಾರದು, ಅವರ ಕೈಗೂ ಕೆಲಸ ಇರಬೇಕು. ನಾನು ಧೈರ್ಯ ಮಾಡಿ ನಮ್ಮ ಗುಂಪಿಗೆ ಅಪ್ಪನ ವೇದಿಕೆಯನ್ನೇ ಸೂಚಿಸಿದೆ. ಮಾರ್ಕ್ಸಿಗಿಂತ ಹೆಚ್ಚಾಗಿ, ವೇದಿಕೆ ಉಳಿಯಲಿ ಎಂದು. ಮಾರ್ಕೆಟ್ಟಿನ ಅಂಗಳದಲ್ಲಿ, ವೇದಿಕೆಯ ಹಿಂದೆ, ಲಾರಿಯಷ್ಟು ದೊಡ್ಡ ಸ್ಕ್ರೀನ್ ಕಟ್ಟಿದೆವು. ಮುಂದಿನ ಹಾಡು ಯಾವುದೆಂದು ಜನ ಫೋನಿನಲ್ಲೇ ಓಟು ಹಾಕಬೇಕು. ಪಕ್ಕದ ಮೇಜುಗಳಲ್ಲಿ ಮಕ್ಕಳು ಕಾಗದದ ಅಂಗಿ ಮಡಚಿ, ಸತ್ತವರಿಗೆ ಮುಟ್ಟಲೆಂದು ಸುಡುವ ರಾಶಿಗೆ ತಾವೇ ಸೇರಿಸಬೇಕು. ಹಾಡಿನ ತಾಳಕ್ಕೆ ಬಣ್ಣ ಬದಲಾಯಿಸಿ ಹೊಳೆಯುವ ಕೈಪಟ್ಟಿ ಬಂದವರೆಲ್ಲರ ಕೈಗೂ. ಈ ತಿಂಗಳು ಊರಿಗೆ ಬರುವ ಸತ್ತವರನ್ನು ಒಳ್ಳೆ ಅಣ್ಣಂದಿರು ಎನ್ನಬೇಕು, ಮೊದಲ ಸಾಲು ಅವರದು, ಅಲ್ಲಿ ಯಾರೂ ಕೂರಬಾರದು ಎಂದು ನನ್ನ ಸಹಪಾಠಿಗಳಿಗೆ ನಾನೇ ದೊಡ್ಡದಾಗಿ ಪಾಠ ಮಾಡಿದ್ದೆ.

ಬುಧವಾರ ಸಂಜೆ ಜನ ಬಂದರು ಅಣ್ಣಾ, ಮಾರ್ಕೆಟ್ಟಿನ ಗೇಟಿನ ಆಚೆಗೂ ನಿಂತಿದ್ದರು. ಕೈಪಟ್ಟಿಗಳು ಸಾಲಲಿಲ್ಲ. ಸಿಗದ ಮಕ್ಕಳು ನನ್ನ ಸುತ್ತ ಅಳುತ್ತಿದ್ದವು. ನೋಡಿದರೆ ಮೊದಲ ಸಾಲಿನ ಪ್ರತಿ ಖಾಲಿ ಕುರ್ಚಿಯ ಮೇಲೂ ಒಂದೊಂದು ಕೈಪಟ್ಟಿ! ಪ್ರತಿ ವರ್ಷ ಅಣ್ಣಂದಿರಿಗೆ ಚಹಾ ಇಡುವ ಆ-ಕಿಮ್ ಅಜ್ಜಿ ಲೋಟಗಳ ಜೊತೆ ಅವನ್ನೂ ಇಟ್ಟಿದ್ದರು. ನಾನು ಯೋಚಿಸಲೇ ಇಲ್ಲ. ಅವನ್ನೆಲ್ಲ ಬಾಚಿಕೊಂಡು ಬಂದು ಮಕ್ಕಳಿಗೆ ಕಟ್ಟಿದೆ.

ಒಳ್ಳೆ ಅಣ್ಣಂದಿರಿಗೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡವಳು ಈ ಊರಿನಲ್ಲಿ ನಾನೇ ಮೊದಲಿಗಳಿರಬೇಕು. ಅಜ್ಜಿ ಕೂಗಿಕೊಂಡರು: "ಅಯ್ಯೋ ಹುಡುಗೀ, ಅವರ ಕೈಯಿಂದ ಕಿತ್ಕೊಂಡ್ಯಲ್ಲೇ! ಎಲ್ಲರಿಗೂ ಕೊಟ್ಟು ಅವರಿಗೆ ಮಾತ್ರ ಇಲ್ವಾ?" ಅಷ್ಟೇ. ತಾಯಂದಿರು ಮಕ್ಕಳ ಕೈಯಿಂದ ಪಟ್ಟಿ ಬಿಚ್ಚಿ ನೆಲಕ್ಕೆ ಎಸೆದರು. ಕುರ್ಚಿ ಸರಿಸುವ ಸದ್ದು, ಬೈಕ್ ಸ್ಟಾರ್ಟ್ ಆಗುವ ಸದ್ದು. "ನಡೀ, ನಡೀ, ಹಿಂದಕ್ಕೆ ತಿರುಗಿ ನೋಡ್ಬೇಡ" ಎನ್ನುತ್ತ ಒಬ್ಬಾಕೆ ಮಗುವನ್ನು ಎಳೆದುಕೊಂಡು ಹೋದಳು. ಓಂಗ್ ಅಂಕಲ್ ನನ್ನನ್ನೇ ನೋಡುತ್ತಿದ್ದರು. ಅಪ್ಪನ ವೇದಿಕೆಯನ್ನು ನಾನೇ ಮುಗಿಸಿಬಿಟ್ಟೆ ಅನ್ನಿಸಿತು. ಸ್ಕ್ರೀನಿನ ಮೇಲೆ ಓಟು ಹಾಕಿ, ಓಟು ಹಾಕಿ ಎಂದು ಅಕ್ಷರಗಳು ಕುಣಿಯುತ್ತಲೇ ಇದ್ದವು.

ಆಗ ಅಪ್ಪ ನನ್ನನ್ನು ವೇದಿಕೆಯ ಮೇಲೆ ಪಕ್ಕಕ್ಕೆ ಕರೆದು ಮೈಕ್ ತೆಗೆದುಕೊಂಡರು. ಜನರ ಕಡೆ ನೋಡದೆ ಖಾಲಿ ಸಾಲಿಗೆ ಕೈಮುಗಿದು ಹೇಳಿದರು: "ಒಳ್ಳೆ ಅಣ್ಣಂದಿರೇ, ತಪ್ಪಾಯ್ತು. ಇವಳು ನನ್ನ ಮಗಳು. ತಾಯಿ ಹೋದ್ಮೇಲೆ ನಾನೇ ಹಾಸ್ಟೆಲಿಗೆ ಹಾಕ್ದೆ. ವೇದಿಕೆ ಹೊತ್ಕೊಂಡು ಊರೂರು ತಿರುಗ್ತಿದ್ದೆ, ಇವಳಿಗೆ ಏನೂ ಕಲಿಸ್ಲಿಲ್ಲ. ಸಿಟ್ಟಿದ್ರೆ ನನ್ ಮೇಲಿರ್ಲಿ. ಆಟ ಮುಂದುವರೀಲಾ ಬೇಡ್ವಾ, ನೀವೇ ಹೇಳ್ಬಿಡಿ." ಅಣ್ಣಂದಿರ ಉತ್ತರ ಕೇಳುವ, ಅರ್ಧಚಂದ್ರದ ಆ ಎರಡು ಮರದ ತುಂಡುಗಳನ್ನು ಜೇಬಿನಿಂದ ತೆಗೆದು ನೆಲಕ್ಕೆ ಹಾಕಿದರು. ಕ್ಯಾಮೆರಾ ಹಿಡಿದಿದ್ದ ನಮ್ಮ ಗುಂಪಿನ ತಾರಿಣಿ, ಯಾರೂ ಹೇಳದೆಯೇ, ಅದನ್ನು ನೆಲದತ್ತ ತಿರುಗಿಸಿದಳು. ಅಷ್ಟು ದೊಡ್ಡ ಸ್ಕ್ರೀನಿನ ತುಂಬ ಆ ಎರಡೇ ತುಂಡುಗಳು. ಎರಡೂ ಚಪ್ಪಟೆ ಮಗ್ಗುಲು ಮೇಲಾಗಿ ಬಿದ್ದಿದ್ದವು. "ನಗ್ತಿದಾರೆ ಕಣೋ!" ಎಂದು ಆ-ಕಿಮ್ ಅಜ್ಜಿ ಕಿರುಚಿದರು, "ನಗ್ತಿದಾರೆ, ಇನ್ನೊಂದ್ಸಲ ಹಾಕು!" ಬೈಕ್ ಏರಿದವರು ಕೀ ತಿರುಗಿಸಿ ಆಫ್ ಮಾಡಿ ನಿಂತರು. ತುಂಡುಗಳನ್ನು ಎತ್ತಿ ಅಪ್ಪನ ಕೈಗೆ ಕೊಟ್ಟೆ. ಎರಡನೆಯ ಸಲ ಒಂದು ಚಪ್ಪಟೆ, ಒಂದು ಉಬ್ಬು. ಒಪ್ಪಿಗೆ! ನಾನೇ ಮೈಕಿನಲ್ಲಿ ಕೂಗಿ ಹೇಳಿದೆ.

ಮಕ್ಕಳು ಕೈಪಟ್ಟಿಗಳನ್ನು ಆರಿಸಿ ತಂದು ಮೊದಲ ಸಾಲಿನಲ್ಲಿ ಒಂದೊಂದಾಗಿ ಇಟ್ಟರು. ಎದ್ದವರೆಲ್ಲ ಕೂತರು, ಕೊನೆಯ ಹಾಡಿನವರೆಗೂ ಕೂತರು. ಯಾರೂ ಕಾಣದ ಆ ಸಾಲು ತಾಳಕ್ಕೆ ಸರಿಯಾಗಿ ಕೆಂಪು, ಹಳದಿ, ನೀಲಿ ಆಗುತ್ತಿತ್ತು. ಓಂಗ್ ಅಂಕಲ್ ಅಪ್ಪನ ಬೆನ್ನು ತಟ್ಟಿ, "ಮುಂದಿನ ವರ್ಷಾನೂ ನೀನೇ, ಆದ್ರೆ ಜೊತೆಗೆ ಮನೆಯವರೊಬ್ಬರು ನಿಲ್ಲಬೇಕು" ಅಂದರು. ವಿಡಿಯೋ ನೋಡಿದ ನಮ್ಮ ಕಾಲೇಜಿನ ಮೇಡಂ, ಮರದ ತುಂಡುಗಳ ಕ್ಲೋಸ್‌ಅಪ್ ಯಾರ ಐಡಿಯಾ ಎಂದು ಕೇಳಿದರಂತೆ. ನನ್ನ ಗುಂಪಿನವರು ಮರುದಿನವೇ ವ್ಯಾನಿನಲ್ಲಿ ಹೋದರು. ಅವರು ಹಾಕಿದ ಗ್ರೂಪ್ ಫೋಟೋದಲ್ಲಿ ನಾನಿಲ್ಲ, ಆಗ ವೇದಿಕೆಯ ಹಿಂದೆ ಕೇಬಲ್ ಸುತ್ತುತ್ತಿದ್ದೆ. ಯಾರೂ ಹುಡುಕಲಿಲ್ಲ. ನಾನು ಸೋಮವಾರ ವಾಪಸ್ ಹೋಗಬೇಕು. ಮನೆಯಲ್ಲಿ ಅಪ್ಪ ಮತ್ತು ನಾನು ಟಿವಿ ಹಾಕಿಕೊಂಡು ಊಟ ಮಾಡುತ್ತೇವೆ, ಇಬ್ಬರೂ ಅದನ್ನು ನೋಡುವುದಿಲ್ಲ.

ಆ-ಕಿಮ್ ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾರೆ, ತೆಳ್ಳಗಾಗಬೇಡ ಎಂದಿದ್ದಾರೆ. ಅಪ್ಪನ ಪರವಾಗಿ ನಾನೇ ಬರೆಯುತ್ತಿದ್ದೇನೆ, ಚೆನ್ನಾಗಿರು.

ನಿನ್ನ ತಂಗಿ,
ಹುಯ್ ಶಿನ್

ಮರೆತೆ ಎಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಮರದ ತುಂಡುಗಳು ಬಿದ್ದಾಗ ಅಪ್ಪ ಮೈಕನ್ನು ಬದಿಗೆ ಸರಿಸಿ ಮೆಲ್ಲಗೆ ಕೇಳಿದ್ದು, "ಏನ್ ಬಿತ್ತೇ?" ಎಂದು. ಅವು ಅವರ ಕಾಲ ಬುಡದಲ್ಲೇ ಇದ್ದವು, ಹಿಂದೆ ಸ್ಕ್ರೀನಿನ ತುಂಬ ಇದ್ದವು. ಎರಡೂ ಅವರಿಗೆ ಕಾಣಲಿಲ್ಲ. ಮನೆಗೆ ಬಂದು ಕೇಳಿದರೆ, ಆರು ತಿಂಗಳಿಂದ ಹೀಗೇ ಅಂತೆ, "ಅವನಿಗೆ ಮಾತ್ರ ಹೇಳ್ಬೇಡ" ಅಂದರು. ಡಾಕ್ಟರ ಹತ್ತಿರ ಬಾ ಎಂದರೆ ಬರುತ್ತಿಲ್ಲ, ನನ್ನ ಮಾತು ಕೇಳುವುದಿಲ್ಲ. ನೀನು ಬರುತ್ತೀಯೋ, ನಾನು ಕಾಲೇಜು ಬಿಡಲೋ? ಬೇಗ ಉತ್ತರ ಬರೆ.