ದೇವರಲ್ಲ ಅಂತ ಹಾಕಿದ ಬೋರ್ಡು

ಜೂನ್ 15, ಭಾನುವಾರ

ಆ ಬೋರ್ಡು ತಲೆಯಿಂದ ಹೋಗ್ತಿಲ್ಲ. ಬ್ಯಾಟರಾಯನಪುರದ ಆ ಕಲ್ಲನ್ನು ಜನ ಮುನೇಶ್ವರ ಅಂತ ಪೂಜೆ ಮಾಡ್ತಿದ್ರು. ಎಣ್ಣೆ, ಅರಿಶಿನ ತೊಳೆದು, ಅಕ್ಷರ ಓದಿ, ‘ಇದು ದೇವರಲ್ಲ, ಊರಿನ ದನ ಉಳಿಸಲು ಹೋರಾಡಿ ಸತ್ತವನ ವೀರಗಲ್ಲು’ ಅಂತ ಬೋರ್ಡು ಹಾಕಿಸಿದ್ದು ನಾನೇ.

ಇವತ್ತು ಹಳೇ ಕಲ್ಲು ನೋಡೋ ಆಸಕ್ತಿ ಇರೋ ಒಂದಷ್ಟು ಜನರನ್ನ ತೋರಿಸೋಕೆ ಕರ್ಕೊಂಡು ಹೋದ್ರೆ, ಕಲ್ಲಿಗೆ ಬೈಕ್ ಒರಗಿಸಿದ್ದಾರೆ. ಬುಡದಲ್ಲಿ ಕಸದ ರಾಶಿ. ಎದುರು ಮನೆಯ ಮುನಿಕೆಂಪಮ್ಮನ ಹತ್ರ ರೇಗಾಡಿದೆ.

“ದೇವ್ರಲ್ಲ ಅಂತ ನೀವೇ ಬರ್ಸಿದ್ರಲ್ಲಮ್ಮ, ಇನ್ಯಾರು ಎದರ್ಕೊತಾರೆ?” ಅಂದ್ರು.

ಕೋಪ ಬಂತು, ಯಾರ ಮೇಲೆ ಅಂತ ಗೊತ್ತಾಗ್ಲಿಲ್ಲ. ಶಾಸನ ಹುಡುಕೋ ನಮ್ಮ ತಂಡದ ತ್ರಿವಿಕ್ರಮ ಕಬ್ಬಿಣದ ಬೇಲಿ ಹಾಕ್ಸೋಣ ಅಂತಾನೆ. ಅದಕ್ಕೆ ಅನುಮತಿ ಸಿಗೋಷ್ಟರಲ್ಲಿ ಕಲ್ಲು ಉಳಿದ್ರೆ ತಾನೆ.

ನಾಳೆ ಬೆಳಕಾಗೋ ಮುಂಚೆ, ಯಾರೂ ನೋಡದ ಹಾಗೆ, ನಾನೇ ಹೋಗಿ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಬರ್ತೀನಿ.