ಒಂದೇ ಕಂಟ್ರೋಲರಿನ ಮನೆ

ಅಡ್ಯಾರ್, ಚೆನ್ನೈ
ಶುಕ್ರವಾರ, 20 ಫೆಬ್ರವರಿ 2026

ಶ್ರೀ ಸುಕೇಶ್ ಅವರಿಗೆ,

ನಿಮ್ಮ ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯುವ ಅಭ್ಯಾಸ ತಪ್ಪಿ ಎರಡು ವರ್ಷವಾಯಿತು. ‘ಮಾನ್ಯರೇ’ ಎಂದು ಶುರು ಮಾಡೋಣವೆಂದರೆ ಬ್ಯಾಂಕಿಗೆ ಅರ್ಜಿ ಹಾಕಿದಂತಿರುತ್ತದೆ. ಹಾಗಾಗಿ ಬರೀ ಶ್ರೀ. ನಿಮ್ಮ ಹೋಟೆಲಿನ ಬೋರ್ಡಿನಲ್ಲೂ ಅದೇ ಇದೆ, ನಿಮಗೆ ಒಗ್ಗುತ್ತದೆ.

ಈ ಕಾಲದಲ್ಲಿ ಕಾಗದವೇಕೆ ಎಂದು ಕೇಳಬಹುದು. ವಾಟ್ಸಾಪಿನಲ್ಲಿ ಬರೆದರೆ ನೀವು ಎರಡು ನೀಲಿ ಗೆರೆ ತೋರಿಸಿ ಮಾಯವಾಗುತ್ತೀರಿ. ಫೋನು ಮಾಡಿದರೆ ಹಿಂದಿನಿಂದ ಯಾರೋ ಎರಡು ಮಿನಿ ಟಿಫಿನ್ ಎಂದು ಕೂಗುತ್ತಾರೆ, ನೀವು ಆಮೇಲೆ ಮಾಡುತ್ತೇನೆ ಎನ್ನುತ್ತೀರಿ. ಆ ಆಮೇಲೆ ಯಾವತ್ತೂ ಬಂದದ್ದಿಲ್ಲ. ಕಾಗದವಾದರೆ ಕ್ಯಾಶ್ ಕೌಂಟರಿನಲ್ಲಿ ಕೂತೇ ಓದಬಹುದು. ನಾಳೆ ಬೆಳಗ್ಗೆ ಪ್ರಣಮ್ಯಾಳನ್ನು ನಿಮ್ಮಲ್ಲಿ ಬಿಡುವಾಗ ಅವಳ ಬ್ಯಾಗಿನಲ್ಲೇ ಇಟ್ಟಿರುತ್ತೇನೆ. ನಮ್ಮ ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ ಎಂದು ನಾವಿಬ್ಬರೂ ಎಷ್ಟು ಪೇಚಾಡಿದ್ದೆವು, ನೆನಪಿದೆಯೇ? ಕಡೆಗೂ ಅದರಿಂದ ಒಂದು ಉಪಯೋಗವಾಯಿತು.

ಬುಧವಾರ ನೀವು ಕಳಿಸಿದ ಉದ್ದದ ಮೆಸೇಜನ್ನು ಓದಿದೆ. ಜೂನಿನಿಂದ ಪ್ರಣಮ್ಯಾ ತ್ರಿಪ್ಲಿಕೇನಿನಲ್ಲಿ ನಿಮ್ಮ ಜೊತೆ ಇರಬೇಕು, ಆರನೇ ತರಗತಿಗೆ ಅಲ್ಲೇ ಸೇರಿಸುತ್ತೀರಿ, ಶನಿವಾರ ಭಾನುವಾರ ಮಾತ್ರ ಅವಳು ಅಡ್ಯಾರಿಗೆ ಬಂದುಹೋಗಲಿ. ಈಗಿರುವ ಕ್ರಮವನ್ನು ದೋಸೆ ಮಗುಚಿದಂತೆ ಮಗುಚಿ ಹಾಕಿದ್ದೀರಿ. ನಾಡಿದ್ದು ಭಾನುವಾರ ನಿಮ್ಮ ಅಪ್ಪ ಮೋನಪ್ಪ ಮಾವನೂ ನನ್ನ ಅಮ್ಮನೂ ಎದುರುಬದುರು ಕೂತು ಇದನ್ನು ತೀರ್ಮಾನಿಸಲಿ ಎಂದೂ ಹೇಳಿದ್ದೀರಿ. ಹತ್ತು ವರ್ಷದ ಹುಡುಗಿ ಎಲ್ಲಿ ಬೆಳೆಯಬೇಕು ಎಂಬುದಕ್ಕೆ ನೀವು ಕೊಟ್ಟ ಕಾರಣಗಳನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಸಲ ಓದು ಎಂದರು.

ಮೊದಲನೆಯ ಕಾರಣ ಪ್ಲೇಸ್ಟೇಷನ್. ನಿಮ್ಮ ಮನೆಯಲ್ಲಿ ಲೋಕದಲ್ಲೇ ಉತ್ತಮವಾದ ಆಟದ ಯಂತ್ರವಿದೆ, ನನ್ನ ಮನೆಯಲ್ಲಿರುವುದು ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಹೊತ್ತು ತಂದ ಸ್ವಿಚ್ ಎಂಬ ಅಂಗೈ ಅಗಲದ ಆಟಿಕೆ, ಬೆಳೆಯುವ ಮಗುವಿಗೆ ಅದು ಸಾಲದು. ಸರಿ, ಹೋಲಿಸಿಯೇ ನೋಡೋಣ. ಹೋಲಿಕೆ ಶುರು ಮಾಡಿದ್ದು ನೀವು.

ನಿಮ್ಮ ಯಂತ್ರವನ್ನು ನಾನು ನೋಡಿದ್ದೇನೆ. ಇಡ್ಲಿ ಬೇಯಿಸುವ ಪಾತ್ರೆಯಷ್ಟು ಎತ್ತರ, ಎರಡು ಕಡೆ ಬಿಳಿ ರೆಕ್ಕೆ. ಅದನ್ನು ನಿಲ್ಲಿಸುವುದಕ್ಕಾಗಿ ದೇವರ ಫೋಟೋ ಇದ್ದ ಶೆಲ್ಫನ್ನು ಖಾಲಿ ಮಾಡಿದಿರಂತೆ. ಅದಕ್ಕೆ ಗೋಡೆಯಷ್ಟು ದೊಡ್ಡ ಟಿವಿಯೂ ಬೇಕಾಯಿತು. ಚಿತ್ರ ಅದ್ಭುತ, ಫುಟ್‌ಬಾಲ್ ಆಟಗಾರನ ಹಣೆಯ ಬೆವರು ಕೂಡ ಕಾಣುತ್ತದೆ ಎಂದು ಬರೆದಿದ್ದೀರಿ. ಕೆಳಗೆ ನಿಮ್ಮದೇ ಹೋಟೆಲಿನ ಅಡುಗೆಮನೆಗೆ ಒಮ್ಮೆ ಇಳಿದರೆ ಬೆವರನ್ನು ಬಿಟ್ಟಿಯಾಗಿ ನೋಡಬಹುದು. ನನ್ನ ಸ್ವಿಚ್‌ನಲ್ಲಿ ಬೆವರು ಕಾಣುವುದಿಲ್ಲ, ಒಪ್ಪುತ್ತೇನೆ. ಅದರಲ್ಲಿ ಎಲ್ಲರೂ ಬೊಂಬೆಗಳ ಹಾಗೆ ದುಂಡಗಿದ್ದಾರೆ, ಬಿದ್ದರೆ ಪುಟಿದು ಏಳುತ್ತಾರೆ. ಮಗುವಿಗೆ ಅಷ್ಟು ಸಾಕು.

ನನ್ನದು ಕೈಯಲ್ಲಿ ಹಿಡಿದುಕೊಂಡು ಆಡುವಂಥದ್ದು, ಬೇಕಾದರೆ ಸ್ಟ್ಯಾಂಡಿನಲ್ಲಿ ಕೂರಿಸಿ ಟಿವಿಯಲ್ಲೂ ಆಡಬಹುದು. ಡಿಸೆಂಬರಿನ ಮಳೆಗೆ ಇಡೀ ಬೀದಿಯ ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಆಟ ನಡೆಯುತ್ತಲೇ ಇತ್ತು. ನಿಮ್ಮ ಮಹಾಯಂತ್ರ ಆವತ್ತು ಶೆಲ್ಫಿನ ಮೇಲೆ ಶೋಭಿಸುತ್ತಿದ್ದಿರಬೇಕು. ಇದಕ್ಕೆ ಹಾಕುವ ಆಟದ ಕಾರ್ಡುಗಳು ಬೆರಳಿನ ಉಗುರಿನಷ್ಟು. ಮಕ್ಕಳು ನುಂಗದಿರಲಿ ಎಂದು ಅವಕ್ಕೆ ಕಹಿ ಬಳಿದಿರುತ್ತಾರೆ, ಗೊತ್ತೇ? ನಾನು ನೆಕ್ಕಿ ನೋಡಿದ್ದೇನೆ. ಸಂಜೆಯವರೆಗೆ ಕಾಫಿಯೂ ಹಾಗಲಕಾಯಿಯ ಹಾಗಿತ್ತು. ಮಗುವಿನ ಬಗ್ಗೆ ಅಷ್ಟು ಯೋಚಿಸಿದವರು ಎಲ್ಲೋ ಒಬ್ಬರು ಇದ್ದಾರಲ್ಲ ಎಂದು ಸಮಾಧಾನವಾಯಿತು.

ಇನ್ನು ನಿಮ್ಮ ಆಯುಧಪೂಜೆ. ಹೋಟೆಲಿನ ಗ್ರೈಂಡರು, ಒಲೆ, ಬಿಲ್ಲಿನ ಯಂತ್ರ ಎಲ್ಲಕ್ಕೂ ಗಂಧ ಕುಂಕುಮ ಇಟ್ಟು ಚೆಂಡುಹೂವು ಮುಡಿಸುವುದು ನಿಮ್ಮ ಅಜ್ಜನ ಕಾಲದಿಂದ ಬಂದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೀರಾಗಿ ಕಲೆಸಿದ ಗಂಧವನ್ನು ಕೈತುಂಬ ತೆಗೆದು ಪ್ಲೇಸ್ಟೇಷನ್ನಿನ ಗಾಳಿ ಹೋಗುವ ಸಂದಿನ ಮೇಲೆ ಬಳಿಯುವ ಬುದ್ಧಿವಂತರು ನೀವೊಬ್ಬರೇ. ಈಗ ಅದನ್ನು ಹಾಕಿದಾಗೆಲ್ಲ ಕೋಣೆಯಲ್ಲಿ ಗಂಧ ಸೀದ ವಾಸನೆ ಬರುತ್ತದಂತೆ. ಅದರ ಮೇಲೆ ಅಡುಗೆಮನೆಯ ಹಬೆ ಬೇರೆ. ಭಾನುವಾರ ಸಂಜೆ ಪ್ರಣಮ್ಯಾ ಮನೆಗೆ ಬಂದರೆ ಅವಳ ತಲೆಗೂದಲಿನಲ್ಲಿ ಸಾಂಬಾರು, ಬಟ್ಟೆಯಲ್ಲಿ ದೇವಸ್ಥಾನ. ನಮ್ಮ ಸ್ವಿಚ್‌ಗೂ ನಾನು ಆವತ್ತು ಒಂದು ಬೊಟ್ಟು ಇಟ್ಟೆ, ಸುಳ್ಳು ಹೇಳುವುದಿಲ್ಲ. ಅದು ಸಾಸಿವೆಯಷ್ಟು, ಬೆನ್ನಿಗೆ.

ಇವೆಲ್ಲ ಚಿಲ್ಲರೆ ಮಾತು. ಎರಡು ಯಂತ್ರಗಳ ನಡುವಿನ ನಿಜವಾದ ವ್ಯತ್ಯಾಸ ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ನಾನು ತಂದ ಪೆಟ್ಟಿಗೆ ತೆರೆದರೆ ಎರಡು ಪುಟ್ಟ ಕಂಟ್ರೋಲರುಗಳಿರುತ್ತವೆ. ಬದಿಯಿಂದ ಎಳೆದು ತೆಗೆದು ಒಂದನ್ನು ಮಗುವಿಗೆ ಕೊಟ್ಟು ಒಂದನ್ನು ನಾವು ಹಿಡಿದುಕೊಳ್ಳಬಹುದು. ನೀವು ತಂದ ಪೆಟ್ಟಿಗೆಯಲ್ಲಿ ಬಂದದ್ದು ಒಂದು. ಇನ್ನೊಂದನ್ನು ಅಂಗಡಿಯಲ್ಲಿ ಬೇರೆಯಾಗಿ ಕೇಳಿ ತೆಗೆದುಕೊಳ್ಳಬೇಕು. ಗೋಡೆಯಷ್ಟು ಟಿವಿ ತಂದವರು, ವರ್ಷವಾಗುತ್ತ ಬಂದರೂ ಅದನ್ನು ತಂದಿಲ್ಲ. ಏಕೆಂದರೆ ಅದು ಬೇಕಾಗಿಯೇ ಇಲ್ಲ. ಶನಿವಾರ ಭಾನುವಾರ ನಿಮ್ಮಲ್ಲಿ ನೂಕುನುಗ್ಗಲು. ನೀವು ಕೆಳಗೆ ಕೌಂಟರಿನಲ್ಲಿ, ಅವಳು ಮೇಲಿನ ಕೋಣೆಯಲ್ಲಿ, ಒಬ್ಬಳೇ. ಮಧ್ಯೆ ಯಾರೋ ಬಂದು ಒಂದು ತಟ್ಟೆ ಪೂರಿ ಇಟ್ಟು ಹೋಗುತ್ತಾರೆ. ಅಪ್ಪ ಆಡಲು ಬಂದರಾ ಎಂದು ನಾನು ಪ್ರತಿ ಭಾನುವಾರ ಕೇಳುತ್ತೇನೆ, ಕೇಳಬಾರದು ಎಂದುಕೊಂಡೇ ಕೇಳುತ್ತೇನೆ. ಅವಳು ಭುಜ ಹಾರಿಸಿ, ಅಪ್ಪಾ ಪಾವಂ ಮಾ, ರೊಂಬ ಬಿಝಿ ಎನ್ನುತ್ತಾಳೆ. ಅಪ್ಪ ಪಾಪವಂತೆ, ತುಂಬ ಬಿಝಿಯಂತೆ! ನಿಮ್ಮ ಮೇಲೆ ನನಗೆ ಮೈ ಉರಿಯುವುದು ಆಗ.

ಎರಡನೆಯ ಕಾರಣ ಇನ್ನೂ ಚೆನ್ನಾಗಿದೆ. ವಾರದ ದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ಟಿಫಿನ್ನಿಗೆ ಒಲೆ ಹಚ್ಚುವವರೆಗೆ ನಿಮಗೆ ಸ್ವಲ್ಪ ಬಿಡುವು. ಆಗ ನೀವು ಮೇಲಿನ ಕೋಣೆಗೆ ಹೋಗಿ, ಕಾರುಗಳು ಚೆಂಡು ಗುದ್ದುವ ಆ ಆಟ ಹಾಕುತ್ತೀರಿ. ಆ ಆಟವೊಂದರಲ್ಲಿ ನಿಮ್ಮ ಯಂತ್ರವೂ ನನ್ನ ಆಟಿಕೆಯೂ ದೂರದಿಂದಲೇ ಸೇರಿ ಆಡಬಹುದು. ಅಡ್ಯಾರಿನಿಂದ ಪ್ರಣಮ್ಯಾ ಬರುತ್ತಾಳೆ, ಮೂರು ಗಂಟೆಗೆ ತಪ್ಪದೆ ಬರುತ್ತಾಳೆ, ಮಗುವಿಗೆ ಅಪ್ಪನನ್ನು ಬಿಟ್ಟಿರಲು ಆಗುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಕೇಳಿದ್ದೀರಿ. ಇದಕ್ಕೆ ಆಮೇಲೆ ಉತ್ತರ ಹೇಳುತ್ತೇನೆ.

ಆ ಆಟದಲ್ಲಿ ನೀವು ಹೇಗೆ ಆಡುತ್ತೀರಿ ಎಂಬುದು ನನಗೆ ಗೊತ್ತು. ಪ್ರಣಮ್ಯಾ ಹೇಳಿದ್ದಾಳೆ. ಚೆಂಡನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಒಬ್ಬರೇ ಒಯ್ಯುತ್ತೀರಿ, ಬಹಳ ಚೆನ್ನಾಗಿಯೇ ಒಯ್ಯುತ್ತೀರಿ. ಗೋಲಿನ ಎದುರು ಬಂದ ಮೇಲೆ ಕಾರು ನಿಲ್ಲಿಸುತ್ತೀರಿ. ನಿಲ್ಲಿಸಿ ಯೋಚಿಸುತ್ತೀರಿ! ಅಷ್ಟರಲ್ಲಿ ಎದುರಿನ ಕಾರು ಬಂದು ಚೆಂಡನ್ನು ಕೊಂಡೊಯ್ಯುತ್ತದೆ. ಎಷ್ಟು ಸಲ ಆದರೂ ಬುದ್ಧಿ ಬಂದಿಲ್ಲ.

ಅಡ್ಯಾರಿನ ಶಾಖೆಯ ಕಥೆಯೂ ಇದೇ ಅಲ್ಲವೇ? ನಮ್ಮ ಮನೆಯಿಂದ ಎರಡು ಬೀದಿ ಆಚೆ ಜಾಗ ನೋಡಿದಿರಿ, ಅಲ್ಲಿ ಹೋಟೆಲು ತೆರೆದರೆ ಸಂಜೆ ಮನೆಗೆ ಬಂದು ಮಗುವಿನ ಜೊತೆ ಊಟ ಮಾಡಬಹುದು ಎಂದಿರಿ. ಮಾವ ಒಪ್ಪಿದರು. ಮಂಗಳೂರಿನಿಂದ ಅಡುಗೆಯವರೂ ಬರುತ್ತೇವೆಂದರು. ನಾನು ಕಿಟಕಿಯ ಪರದೆಗೆ ಬಟ್ಟೆ ಕೂಡ ಆರಿಸಿದ್ದೆ. ನೀವು ನಿಂತು ಯೋಚಿಸಿದಿರಿ. ಈಗ ಅಲ್ಲಿ ಜ್ಯೂಸ್ ಅಂಗಡಿ ಇದೆ, ಒಳ್ಳೆಯ ವ್ಯಾಪಾರ. ನೀವು ತ್ರಿಪ್ಲಿಕೇನಿನಲ್ಲೇ ಮಲಗುವುದು ಅಭ್ಯಾಸವಾಯಿತು, ವಾರಕ್ಕೊಮ್ಮೆ ಬರುವ ನೆಂಟರಾದಿರಿ, ಆಮೇಲೆ ಅದೂ ನಿಂತಿತು. ನಾವು ಜಗಳವಾಡಿ ಬೇರೆಯಾದೆವು ಎಂದು ಜನ ಅಂದುಕೊಂಡಿದ್ದಾರೆ. ಜಗಳವಾಡುವುದಕ್ಕೂ ನೀವು ಮನೆಯಲ್ಲಿ ಇರಬೇಕಿತ್ತು.

ಆದ್ದರಿಂದ ಭಾನುವಾರ ಹಿರಿಯರು ಕೂರುವ ಮೊದಲೇ ನನ್ನ ಮಾತು ತಿಳಿದಿರಲಿ. ಪ್ರಣಮ್ಯಾ ಅಡ್ಯಾರಿನಲ್ಲೇ ಇರುತ್ತಾಳೆ. ಅವಳ ಶಾಲೆ, ಅವಳ ಗೆಳತಿ ವಿಭಾ, ನನ್ನ ಅಮ್ಮನ ತೊಡೆ, ಯಾವುದನ್ನೂ ಒಂದು ಟಿವಿಗಾಗಿ ಬಿಡಿಸುವುದಿಲ್ಲ. ಅವಳನ್ನು ನೀವು ಪ್ರೀತಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ದೂರದಲ್ಲಿದ್ದಾಗ ತುಂಬ ಪ್ರೀತಿಸುತ್ತೀರಿ. ಎರಡು ಬಸ್ಸಿನ ದೂರದಲ್ಲಿರುವವಳ ಜೊತೆ ಆಡಲು ನಿಮಗೆ ಬಿಡುವಾಗುತ್ತದೆ, ಅದೇ ಮಗು ಹತ್ತು ಮೆಟ್ಟಿಲು ಮೇಲೆ ಕೂತಿದ್ದರೆ ಆಗುವುದಿಲ್ಲ. ಅವಳನ್ನು ಪೂರ್ತಿ ನಿಮ್ಮಲ್ಲಿಗೆ ಕಳಿಸಿದರೆ ಅವಳಿಗೆ ಈಗ ಇರುವ ಅಪ್ಪನೂ ಇಲ್ಲದಂತಾಗುತ್ತಾನೆ. ನನಗೆ ಆ ಭಯವಿದೆ. ಮಾವನಿಗೂ ಇದನ್ನೇ ಹೇಳುತ್ತೇನೆ, ಅವರು ಅರ್ಥ ಮಾಡಿಕೊಳ್ಳುತ್ತಾರೆ. ಅವರೂ ಇಡೀ ಜೀವನ ಕೌಂಟರಿನಲ್ಲಿ ಕೂತವರೇ ತಾನೆ, ನೀವು ಯಾವ ಕ್ಲಾಸಿನಲ್ಲಿದ್ದಿರಿ ಎಂದು ಒಮ್ಮೆ ಸಪ್ಲೈಯರನ್ನು ಕೇಳಿ ತಿಳಿದುಕೊಂಡ ಕಥೆಯನ್ನು ಮದುವೆಯಾದ ಹೊಸತರಲ್ಲಿ ನೀವೇ ನಗುತ್ತ ಹೇಳಿದ್ದಿರಿ. ನಗುವಾಗ ನಿಮ್ಮ ಮುಖ ಹೇಗಿತ್ತು ಎಂದು ನನಗೆ ನೆನಪಿದೆ.

ಪ್ರಣಮ್ಯಾಳ ನೀಲಿ ಸ್ವೆಟರ್ ಎರಡು ವಾರದಿಂದ ನಿಮ್ಮಲ್ಲೇ ಉಳಿದಿದೆ. ಒಗೆದು ಕಳಿಸಿ, ಅಡುಗೆಮನೆಯಿಂದ ದೂರ ಒಣಗಿಸಿ.

ಇಂತಿ,
ನಿಖಿತಾ

ತಾ.ಕ.: ಎರಡನೆಯ ಕಾರಣಕ್ಕೆ ಉತ್ತರ ಹೇಳುವುದಿತ್ತು. ಮಗಳು ಬೇಕು ಎನ್ನುವ ಅಪ್ಪನಿಗೆ ಮಗಳ ಶಾಲೆ ಎಷ್ಟು ಗಂಟೆಗೆ ಬಿಡುತ್ತದೆ ಎಂದು ಗೊತ್ತಿಲ್ಲ. ಮೂರೂವರೆಗೆ ಬಿಡುತ್ತದೆ. ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲುವಾಗ ನಾಲ್ಕು ದಾಟಿರುತ್ತದೆ. ಮೂರು ಗಂಟೆಗೆ ನಿಮ್ಮ ಜೊತೆ ಆಡಲು ಅವಳು ಒಂದು ದಿನವೂ ಬಂದಿಲ್ಲ.

ಕಳೆದ ದೀಪಾವಳಿಯಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಬೆಳಗಿನ ಪಾಳಿ, ಎರಡಕ್ಕೆಲ್ಲ ಮುಗಿಯುತ್ತದೆ. ಮನೆಗೆ ಬಂದಾಗ ಅಮ್ಮ ಮಲಗಿರುತ್ತಾರೆ, ಸ್ವಿಚ್ ಸೋಫಾದ ಮೇಲೆ ಬಿದ್ದಿರುತ್ತದೆ, ಅದರಲ್ಲಿ ಪ್ರಣಮ್ಯಾಳ ಹೆಸರೇ ಇರುತ್ತದೆ. ಮೊದಲ ದಿನ ಅದರಲ್ಲಿ ಆಟಕ್ಕೆ ನಿಮ್ಮ ಕರೆ ಬಂದಾಗ, ಹೇಗೆ ಆಡುತ್ತೀರೋ ನೋಡಿ ನಗೋಣ ಎಂದುಕೊಂಡು ಒತ್ತಿದೆ. ನಿಮ್ಮ ಆಟದ ಬಗ್ಗೆ ಪ್ರಣಮ್ಯಾ ಹೇಳಿದ್ದಾಳೆ ಎಂದದ್ದು ಸುಳ್ಳು, ಗೋಲಿನ ಎದುರು ನಿಂತ ನಿಮ್ಮ ಕಾರಿನಿಂದ ಚೆಂಡನ್ನು ಇಷ್ಟು ದಿನವೂ ಕೊಂಡೊಯ್ದವಳು ನಾನು.

ಆ ಆಟದಲ್ಲಿ ಮಾತಿಲ್ಲ. ಬಟನ್ ಒತ್ತಿದರೆ ಮೂಡುವ ಸಿದ್ಧ ಮಾತುಗಳು ಒಂದಿಷ್ಟಿವೆ. ನನ್ನ ಕಾರಿಗೆ ಗುದ್ದಿದಾಗೆಲ್ಲ ನೀವು ಅದರಲ್ಲಿ ‘ಸಾರಿ’ ಒತ್ತುತ್ತೀರಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಿಮ್ಮಿಂದ ಆ ಮಾತನ್ನು ನಾನು ನೋಡಿದ್ದು ಅಲ್ಲೇ. ಅದು ಮಗಳಿಗೆ ಹೇಳಿದ್ದು ಎಂದು ಗೊತ್ತಿದ್ದೂ ಸುಮ್ಮನೆ ಇಟ್ಟುಕೊಂಡೆ, ಮರುದಿನ ಮತ್ತೆ ಮೂರು ಗಂಟೆಗೆ ಬಂದು ಕೂತೆ.

ಈ ಭಾನುವಾರ ಮೇಲೆ ಹೋಗಿ ಮಗಳ ಪಕ್ಕ ಕೂರಿ, ಇನ್ನೊಂದು ಕಂಟ್ರೋಲರ್ ತಂದು. ಸೋಮವಾರ ಮೂರಕ್ಕೆ ನಾನು ಇರುತ್ತೇನೆ. ಇನ್ನು ಮೇಲೆ ಆ ಬಟನ್ ಒತ್ತುವುದಾದರೆ, ಆಚೆ ಕಡೆ ಇರುವವಳು ಯಾರೆಂದು ತಿಳಿದು ಒತ್ತಿ.