ಒಂದು ಕುರ್ಚಿ, ಒಂದು ವರ್ಷ

ಮಾರ್ಚ್ 3
ಇವತ್ತೂ ಆಸ್ಪತ್ರೆಯ ಬೆಡ್‌ಶೀಟುಗಳೇ. ಇಸ್ತ್ರಿ ಮಿಷನ್ ಮುಂದೆ ನಿಂತು ಸೊಂಟ ಬಿದ್ದುಹೋಯಿತು. ಪಕ್ಕದ ಮಿಷನ್ನಿನ ಅಕ್ಕನ ಕೈ ಸುಟ್ಟು ವಾರವಾಯಿತು. ಕೈ ಒಳಹೋಗದಂತೆ ತಡೆಯುವ ಕಂಬಿ ಇನ್ನೂ ಹಾಕಿಲ್ಲ. ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿಗೆ ‘ಆಮೆ’ ಅನ್ನುವುದು ಸುಮ್ಮನೆ ಅಲ್ಲ. ಯಾವಾಗಲೂ ಅದೇ ಮಾತು — "ಲಾಂಡ್ರಿ ಒಂದಿನ ನಮ್ಮೆಲ್ಲರದೂ ಆಗುತ್ತಮ್ಮ. ಕಲ್ಲು ಹೊಡೆದಲ್ಲ, ಓಟು ಹಾಕಿ. ಮೊದಲು ಆಡಳಿತ ಮಂಡಳೀಲಿ ಕೆಲಸಗಾರರಿಗೆ ಎರಡು ಕುರ್ಚಿ."
ಕುರ್ಚಿ ಯಾರಿಗೆ? ಆಮೆಗೇ ಇರಬೇಕು.

ಮಾರ್ಚ್ 6
ಆಮೆ ಮ್ಯಾನೇಜರ್ ರೂಮಿನಿಂದ ಹೊರಬಂದದ್ದು ಕಂಡೆ. ನಗುತ್ತಿದ್ದರು. ಮೈದುನನಿಗೆ ಹೇಳಿದೆ. ನಮ್ಮ ಲಾಂಡ್ರಿಯಲ್ಲೇ ಬಾಯ್ಲರ್ ನೋಡಿಕೊಳ್ಳುವವನು, ತಲೆಯೂ ಬಿಸಿಯೇ.
"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ವಾ ಅತ್ತಿಗೆ? ಬಾಯ್ಲರ್ ಒಡೆದುಹಾಕ್ತೀನಿ. ಎಲ್ರೂ ದಾರಿಗೆ ಬರ್ತಾರೆ."
ಬೇಡ ಎಂದೆ. ಗಟ್ಟಿಯಾಗಿ ಅಲ್ಲ.

ಮಾರ್ಚ್ 13
ಸಂಘದ ಸಭೆ. ತಡೆಯಲಾಗಲಿಲ್ಲ, ಎದ್ದು ಕೇಳಿಯೇಬಿಟ್ಟೆ — "ಅಣ್ಣಾ, ಒಳಗೊಳಗೇ ಏನು ಮಾತಾಡ್ತೀರಿ?"
ಆಮೆಗೆ ಸಿಟ್ಟೇ ಬರಲಿಲ್ಲ. "ಮ್ಯಾನೇಜರ್ ಹತ್ರ ಆಡದೆ ಗೋಡೆ ಹತ್ರ ಆಡ್ಲಾ? ಅನುಮಾನ ಇದ್ರೆ ನನ್ನ ಮೇಲೇ ಓಟು ಹಾಕಿ."
ಹಾಕಿದೆವು. ಸೋತರು. ಅವರ ಜಾಗಕ್ಕೆ ಎಲ್ಲರೂ ಆರಿಸಿದ್ದು — ನನ್ನನ್ನು! ಮೊದಲು ಚಪ್ಪಾಳೆ ತಟ್ಟಿದ್ದೂ ಅವರೇ. ಯಾಕೆ? ಇದರಲ್ಲೂ ಏನೋ ಇದೆ...

ಮಾರ್ಚ್ 29
ಬರೆಯಲು ಪುರುಸೊತ್ತೇ ಇರಲಿಲ್ಲ. ಮೂರು ಸಲ ಮಾತುಕತೆ. ಇಂದು ಮ್ಯಾನೇಜರ್ ಒಪ್ಪಿದರು — ಒಂದೇ ಕುರ್ಚಿ, ಒಂದೇ ವರ್ಷ. ಅಪಾಯದ ಮಿಷನ್ ನಿಲ್ಲಿಸುವ ಹಕ್ಕು ಮಾತ್ರ ನಮಗೇ. ಅದಕ್ಕೆ ಅಷ್ಟು ಸಲೀಸಾಗಿ ಹೂಂ ಅಂದದ್ದೇಕೆ? ಗೊತ್ತಾಗುತ್ತಿಲ್ಲ.
ಗೇಟಿನಲ್ಲಿ ಮೈದುನ, ಎಲ್ಲರೆದುರು — "ಎರಡು ಕೇಳಿ ಒಂದಾ? ನಿಮಗೇನು ಕೊಟ್ರು ಅತ್ತಿಗೆ?"
ಮನೆಯವನೇ! ಯಾರೂ ಅವನಿಗೆ ಸುಮ್ಮನಿರು ಅನ್ನಲಿಲ್ಲ. ಊಟ ಸೇರಲಿಲ್ಲ.

ಮಾರ್ಚ್ 30
ಬೆಳಿಗ್ಗೆಯೇ ಅಕ್ಕನ ಮಿಷನ್ ನಿಲ್ಲಿಸಿದೆ. ಸೂಪರ್‌ವೈಸರ್ ಕೂಗಾಡಿದ. ಕದಲಲಿಲ್ಲ. ಸಂಜೆಗೆ ಕಂಬಿ ಬಂತು. ಅಕ್ಕ ಅದನ್ನು ಎರಡು ಸಲ ಅಲ್ಲಾಡಿಸಿ ನೋಡಿದಳು. "ಗಟ್ಟಿಯಾಗಿದೆ ಕಣೇ" ಅಂದಳು, ಅಷ್ಟೇ.
ಆಮೆ ಒದ್ದೆ ಬಟ್ಟೆಯ ಗಾಡಿ ತಳ್ಳುತ್ತ ಬಂದರು. "ಏನು ಕೊಟ್ರು ಅಂತ ಕೇಳ್ತಾನೇ ಇರ್ತಾರಮ್ಮ. ಕೇಳ್ಲಿ. ಕೇಳೋದು ನಿಂತಾಗ ಹೆದರ್ಕೋ."
ಆಡಳಿತ ಮಂಡಳಿಯಲ್ಲಿ ಯಾರು ಕೂರಬೇಕು ಅಂತ ನಾಳೆಯೇ ಓಟಿಗಿಡುತ್ತೇನೆ ಎಂದೆ. ಹೇಳಿದ್ದೇನೋ ಹೌದು. ಆದರೆ ಮನೆಗೆ ಬಂದಾಗಿನಿಂದ ಯಾರು ನನ್ನ ಕಡೆ, ಯಾರು ಅಲ್ಲ ಅಂತ ಬೆರಳು ಮಡಚಿ ಓಟು ಎಣಿಸುತ್ತಿದ್ದೇನೆ. ಯಾರನ್ನೂ ನಂಬದವಳು ನಾನು, ಈಗ ನನ್ನನ್ನೇ ನಂಬಲಾರೆ —